ಹೆಗಲು ಹಗುರ, ಜೇಬು ಭಾರ!

ದಾವಣಗೆರೆ: ಛತ್ರದಲ್ಲಿ ಫೋಟೋಗ್ರಾಫರ್ ಯಾರು ಅಂತ ಕೇಳಬೇಕಾಗಿರಲಿಲ್ಲ. ಕೊರಳಿಗೆ ಗುಂಡುಕಲ್ಲಿನಂಥ ಕ್ಯಾಮೆರಾ ನೇತುಹಾಕಿಕೊಂಡವನೇ ಫೋಟೋಗ್ರಾಫರ್. ಈಗ ಅವನ ಕೈಗೆ ‘ಮಿರರ್‌ಲೆಸ್’ ಎಂಬ ಸಣ್ಣ ಕ್ಯಾಮೆರಾ ಬಂದಿದೆ. ಬೀಗರ ಕಡೆಯವರು ಸುಮ್ಮನಿರುತ್ತಾರೆಯೇ? “ಏನ್ರೀ, ದುಡ್ಡು ದೊಡ್ಡದು ಇಸ್ಕಂಡು ಕ್ಯಾಮೆರಾ ಚಿಕ್ಕದು ತಂದೀರಲ್ರೀ!”

ಚಿಕ್ಕದಾಗಲು ಕಾರಣವಿದೆ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ. ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುವುದು ಅದರ ಕೆಲಸ. ಗುಂಡಿ ಒತ್ತಿದಾಗ ‘ಟಪ್’ ಅನ್ನುವ ಸದ್ದಿನಲ್ಲಿ ಆ ಕನ್ನಡಿ ಏರಿಳಿಯುವ ಪಾಲೂ ಇದೆ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಕಿಂಡಿಯಲ್ಲಿ ಕಾಣುವುದು ಪುಟ್ಟ ಟಿವಿ ಪರದೆ. 2008ರಲ್ಲಿ ಪ್ಯಾನಸೋನಿಕ್ ಜಿ1 ಈ ದಾರಿ ತೆರೆಯಿತು. ಕ್ಯಾನನ್, ನಿಕಾನ್ ಕಂಪನಿಗಳು 2018ರಲ್ಲಿ ದೊಡ್ಡ ಸೆನ್ಸರಿನ ಮಿರರ್‌ಲೆಸ್ ತಂದವು.

ತೂಕದ ಲೆಕ್ಕ ನೋಡಿ. ಬ್ಯಾಟರಿ, ಕಾರ್ಡು ಸಮೇತ ನಿಕಾನ್ ಡಿ850 ತೂಗುವುದು 1005 ಗ್ರಾಂ. ಝಡ್7 ಬರೀ 675 ಗ್ರಾಂ. ದಿನವಿಡೀ ನಿಂತು ದುಡಿಯುವ ಬೆನ್ನಿಗೆ ಇದು ದೊಡ್ಡ ಉಪಕಾರ. ಆದರೆ ಉದ್ದನೆಯ ಲೆನ್ಸ್ ಈಗಲೂ ಕೆಜಿ ಮೀರಿಯೇ ತೂಗುತ್ತದೆ. ಹಗುರ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ಮೂತಿ ಕೆಳಕ್ಕೆ ಜಗ್ಗುತ್ತದೆ. ಎಡಗೈ ಲೆನ್ಸಿನ ಅಡಿಗೇ ಇರಬೇಕು. ಬಲಗೈ ಕಿರುಬೆರಳಿಗೆ ಜಾಗವೇ ಸಿಗದೆ ಪರದಾಡುವವರೂ ಉಂಟು.

ಗಟ್ಟಿಮೇಳದ ಹೊತ್ತಿಗೆ ಕತ್ತಲೆ!

ನಿಜವಾದ ತಾಪತ್ರಯ ಬ್ಯಾಟರಿಯದು. ಸೆನ್ಸರು, ಪರದೆ ಎರಡೂ ಸದಾ ಉರಿಯುತ್ತಿರಬೇಕು. ಕಂಪನಿ ಹೇಳುವಂತೆ ಒಂದು ಚಾರ್ಜಿಗೆ ಡಿ850 ತೆಗೆಯುವುದು 1840 ಚಿತ್ರ. ಝಡ್7 ಬರೀ 330. ಬಿಡದೆ ಒತ್ತುತ್ತಾ ಹೋದರೆ ಇನ್ನೂ ಹೆಚ್ಚು ಬರುತ್ತವೆ, ಅದು ಬೇರೆ ಮಾತು. ಹಳೇ ರೂಢಿಯಲ್ಲಿ ಒಂದೇ ಬ್ಯಾಟರಿ ನಂಬಿ ಹೋದವನಿಗೆ ಗಟ್ಟಿಮೇಳದ ಹೊತ್ತಿಗೆ ಪರದೆ ಕಪ್ಪಾದರೆ ಗತಿಯೇನು? ತಾಳಿ ಇನ್ನೊಂದ್ಸಲ ಕಟ್ಟಿ ಅನ್ನೋಕಾಗುತ್ತಾ? ಅದಕ್ಕೇ ಜೇಬಿನಲ್ಲಿ ಮೂರು, ನಾಲ್ಕು ಬ್ಯಾಟರಿ.

ಹಳೇ ಲೆನ್ಸಿಗೆ ಅಡಾಪ್ಟರ್ ಸಿಗುತ್ತದೆ. ಆದರೆ ಎಫ್‌ಟಿಝಡ್ ಎಂಬ ನಿಕಾನ್ ಅಡಾಪ್ಟರಿನಲ್ಲಿ ಮೋಟರ್ ಇಲ್ಲ. ಹೀಗಾಗಿ ಎಎಫ್-ಡಿ ಜಾತಿಯ ಲೆನ್ಸಿಗೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಹೋಮದ ಹೊಗೆ, ಅರಿಶಿನದ ಪುಡಿಯ ನಡುವೆ ಲೆನ್ಸ್ ಬಿಚ್ಚಿದರೆ ಧೂಳು ನೇರ ಸೆನ್ಸರಿನ ಮೇಲೇ ಕೂರಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಪೂಜೆ ಹೊತ್ತಿಗೆ ಚೆನ್ನ. ಆದರೆ ಕೆಲವು ಎಲ್‌ಇಡಿ ದೀಪದಡಿ ಚಿತ್ರದ ತುಂಬ ಪಟ್ಟೆ ಪಟ್ಟೆ!

ಲಾಭವೂ ಕಡಿಮೆಯಲ್ಲ. ಬೆಳಕು ಹೆಚ್ಚೋ ಕಡಿಮೆಯೋ ಎಂಬುದು ಒತ್ತುವ ಮೊದಲೇ ಕಿಂಡಿಯಲ್ಲಿ ಕಾಣುತ್ತದೆ. ಇತ್ತೀಚಿನವು ಮದುಮಗಳ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುತ್ತವೆ.

ಆದ್ದರಿಂದ ಮದುವೆ ಮಾಡುವ ಯಜಮಾನರೇ, ಅಡ್ವಾನ್ಸ್ ಕೊಡುವಾಗ ಕ್ಯಾಮೆರಾ ತೂಗಿ ನೋಡಬೇಡಿ. ಬ್ಯಾಟರಿ ಎಷ್ಟಿವೆ? ಕೈಕೊಟ್ಟರೆ ಇನ್ನೊಂದು ಕ್ಯಾಮೆರಾ ಇದೆಯೇ? ಚಿತ್ರ ಎರಡು ಕಾರ್ಡಿಗೆ ಒಟ್ಟಿಗೇ ಇಳಿಯುತ್ತದೆಯೇ? ಝಡ್7ನಲ್ಲಿ ಇರುವುದು ಒಂದೇ ಕಾರ್ಡಿನ ಜಾಗ. 2020ರ ಝಡ್7 ಮಾರ್ಕ್ 2ರಲ್ಲಿ ಎರಡು. ಇದಿಷ್ಟು ಕೇಳಿ, ಆಮೇಲೆ ನೋಟು ಎಣಿಸಿ.