ಹೊಸ ರಟ್ಟು, ಅದೇ ಸವೆದ ರೀಲು

ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಹಾಗಾಗಿ 1960ರ ‘ಭಕ್ತ ಕನಕದಾಸ’ ಹಾವೇರಿ ಸೀಮೆಯವರಿಗೆ ರಾಜ್‌ಕುಮಾರ್ ಅವರ ಹಳೆಯ ಚಿತ್ರವಷ್ಟೇ ಅಲ್ಲ, ತಮ್ಮ ಮಣ್ಣಿನವರೊಬ್ಬರ ಕಥೆಯೂ ಹೌದು. ವೈ.ಆರ್. ಸ್ವಾಮಿ ನಿರ್ದೇಶನದ ಈ ಕಪ್ಪು-ಬಿಳುಪು ಚಿತ್ರವನ್ನು ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಕೂತು ನೋಡಲು ಇಂದು ರಾಣೇಬೆನ್ನೂರಿನ ಟಾಕೀಸಿಗೆ ಬಸ್ಸು ಹಿಡಿಯಬೇಕಿಲ್ಲ, ಮೊಬೈಲ್ ಸಾಕು. ಹಳೆಯ ಚಿತ್ರಗಳು ಹೀಗೆ ಮನೆಯೊಳಗೆ ಬಂದಿದ್ದು ಒಂದೇ ಸಲಕ್ಕಲ್ಲ. ಮೊದಲು ವಿಡಿಯೋ ಕ್ಯಾಸೆಟ್ ಬಂತು, ಆಮೇಲೆ ಎರಡು ಮೂರು ತಟ್ಟೆಗಳ ವಿಸಿಡಿ, ಅದರ ಹಿಂದೆ ಡಿವಿಡಿ, ಬಳಿಕ ಒಂದೇ ಡಿವಿಡಿಗೆ ಮೂರು ಚಿತ್ರ ತುರುಕಿದ ಅಗ್ಗದ ಕಟ್ಟು, ಈಗ ಯೂಟ್ಯೂಬಿನಲ್ಲಿ ‘ಎಚ್‌ಡಿ’ ಎಂಬ ಹಣೆಪಟ್ಟಿ. ಪ್ರತಿ ಸಲವೂ ರಟ್ಟಿನ ಮೇಲೆ ಹೊಸ ಬಣ್ಣ, ಹೊಸ ಅಕ್ಷರ. ಒಳಗಿನ ಚಿತ್ರದಲ್ಲಿ ಮಾತ್ರ ಅದೇ ಗೆರೆ, ಅದೇ ಜಿಗಿತ, ಹಾಡಿನ ನಡುವೆ ಅದೇ ಜಾಗದಲ್ಲಿ ಮುರಿದ ಸಾಲು. ಹಳೆಯ ಚಿತ್ರಗಳ ಅಭಿಮಾನಿಗಳ ಸಿಟ್ಟಿಗೆ ಮೂಲ ಇಲ್ಲಿದೆ. ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಗುವುದಕ್ಕೆ ಅವರ ತಕರಾರಿಲ್ಲ. ಕೊಡುತ್ತಿರುವುದು ಏನು ಎಂದು ಹೇಳದೆ ಕೊಡುವುದಕ್ಕೆ ತಕರಾರು.

ಈ ತಕರಾರು ನ್ಯಾಯವೇ ಎಂದು ನೋಡಲು ಸ್ವಲ್ಪ ಲೆಕ್ಕಕ್ಕೆ ಇಳಿಯಬೇಕು. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಇರುವುದು 352 ಅಡ್ಡ, 288 ಉದ್ದದ ಚುಕ್ಕಿಗಳು, ಅಂದರೆ ಸುಮಾರು ಒಂದು ಲಕ್ಷ. ಡಿವಿಡಿಯಲ್ಲಿ ನಾಲ್ಕು ಲಕ್ಷದ ಆಸುಪಾಸು. ಪೂರ್ಣ ಎಚ್‌ಡಿ ಎಂದರೆ ಇಪ್ಪತ್ತು ಲಕ್ಷಕ್ಕೂ ಮೇಲೆ. ವಿಡಿಯೋ ಟೇಪಿಗೆ ಇಳಿಸಿದ್ದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಚುಕ್ಕಿಗಳ ಸಂಖ್ಯೆಯೇನೋ ಇಪ್ಪತ್ತು ಲಕ್ಷವಾಗುತ್ತದೆ, ಆದರೆ ಟೇಪಿನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಹುಟ್ಟುವುದಿಲ್ಲ. 35 ಮಿಲಿಮೀಟರ್ ನೆಗೆಟಿವ್‌ನಲ್ಲಿ ಆ ವಿವರ ಇದೆ. ಅದನ್ನು ತೆಗೆಯಲು ನೆಗೆಟಿವನ್ನೇ ಹೊಸದಾಗಿ ಸ್ಕ್ಯಾನ್ ಮಾಡಬೇಕು. ಅದನ್ನು ಬಿಟ್ಟು ಮಾಡಿದ ಬಿಡುಗಡೆಗಳೆಲ್ಲ ನಕಲಿನ ನಕಲು.

ಚೌಕಟ್ಟಿನ ಕಥೆ ಇನ್ನೂ ಬೇಸರದ್ದು. ಆ ಕಾಲದ ಚಿತ್ರಗಳ ಅಗಲ ಇಂದಿನ ಟಿವಿಯಂತೆ ಎತ್ತರದ ಒಂದೂಮುಕ್ಕಾಲು ಪಾಲಲ್ಲ, ಸುಮಾರು 1.37 ಪಾಲು. ಕನ್ನಡದ ಮೊದಲ ಸಿನೆಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದೇ 1977ರಲ್ಲಿ. ಇಂದಿನ ಟಿವಿಯ ಪರದೆ ತುಂಬಿಸಬೇಕೆಂದು ಹಳೆಯ ಚೌಕಟ್ಟನ್ನು ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದಲ್ಲಿ ನೂರಕ್ಕೆ ಇಪ್ಪತ್ತಮೂರು ಪಾಲು ಹೋಗುತ್ತದೆ. ಸ್ಕೋಪ್ ಅಳತೆಗೆ ಕತ್ತರಿಸಿದರೆ ನಲವತ್ತಕ್ಕೂ ಹೆಚ್ಚು. 1972ರ ‘ನಾಗರಹಾವಿ’ನಲ್ಲಿ ಚಿತ್ರದುರ್ಗದ ಕೋಟೆಯೇ ಒಂದು ಪಾತ್ರ; ಅಲ್ಲಿ ಬಂಡೆಯ ತುದಿಯೂ ಬುಡವೂ ಹಾರಿಹೋದರೆ ಪುಟ್ಟಣ್ಣ ಕಣಗಾಲ್ ಕ್ಯಾಮೆರಾ ಇಟ್ಟ ಜಾಗಕ್ಕೆ ಅರ್ಥವೇನು ಉಳಿಯಿತು? ಬದಿಯಲ್ಲಿ ಕಪ್ಪು ಪಟ್ಟಿ ಬಿಡುವುದನ್ನು ದೋಷವೆಂದು ತಿಳಿಯುವ ನಮ್ಮ ಅಭ್ಯಾಸಕ್ಕೂ ಇದರಲ್ಲಿ ಪಾಲಿದೆ ಎನ್ನಿ. ಧ್ವನಿಯೂ ಪಾರಾಗಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಮ್ಮ ಟಿವಿ ಪದ್ಧತಿ 25. ಟೇಪಿಗೆ ಇಳಿಸುವಾಗ ಚಿತ್ರವನ್ನೇ 25ಕ್ಕೆ ಓಡಿಸಿಬಿಟ್ಟರೆ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ, ಹಾಡಿನ ಶ್ರುತಿ ಹಾರ್ಮೋನಿಯಂನ ಪಕ್ಕದ ಪಟ್ಟಿಗೆ ಹತ್ತಿರ ಹತ್ತಿರ ಏರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಕಂಠ ಯಾಕೋ ತೆಳುವಾಗಿದೆಯಲ್ಲ ಎಂದು ಅನುಮಾನಪಡುವ ಕೇಳುಗನ ಕಿವಿ ಸರಿಯಾಗಿಯೇ ಇರಬಹುದು.

ಚೌಕಟ್ಟನ್ನಷ್ಟೇ ಅಲ್ಲ, ದೃಶ್ಯಗಳನ್ನೂ ಕತ್ತರಿಸುವುದುಂಟು. ಎಷ್ಟು ಕತ್ತರಿಸಿದ್ದಾರೆ ಎಂದು ತಿಳಿಯುವ ದಾರಿಯೊಂದು ಪ್ರತಿ ಹಳೆಯ ಚಿತ್ರದ ಮೊದಲಲ್ಲೇ ಇರುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ, ರೀಲುಗಳ ಸಂಖ್ಯೆ ಬರೆದಿರುತ್ತಾರೆ. 35 ಮಿಲಿಮೀಟರ್ ಫಿಲಂ ನಿಮಿಷಕ್ಕೆ 27 ಮೀಟರಿಗಿಂತ ತುಸು ಹೆಚ್ಚು ಓಡುತ್ತದೆ. 4,000 ಮೀಟರ್ ಎಂದಿದ್ದರೆ ಚಿತ್ರ ಸುಮಾರು 146 ನಿಮಿಷ ಇರಬೇಕು. ಟಿವಿ ವೇಗಕ್ಕೆಂದು ನೂರಕ್ಕೆ ನಾಲ್ಕು ಪಾಲು ಕಳೆದರೂ 140. ಡಿವಿಡಿಯಲ್ಲಿ 125 ನಿಮಿಷಕ್ಕೇ ‘ಶುಭಂ’ ಬಂದರೆ ಒಂದು ಹಾಡೋ ಹಾಸ್ಯದ ದೃಶ್ಯಗಳೋ ಎಲ್ಲೋ ಉದುರಿವೆ. ವಿಚಿತ್ರವೆಂದರೆ ಎಷ್ಟೋ ಪ್ರತಿಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಪ್ರಮಾಣಪತ್ರಕ್ಕೇ. ಅದರ ಜಾಗದಲ್ಲಿ ಮಾರಾಟಗಾರರ ಲಾಂಛನ ತಿರುಗುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಬಾಯಿ ಬಿಚ್ಚಿ, ಬಣ್ಣ ನೋಡಿ, ಕಾಯಿ ಮುರಿದು ನೋಡಿಯೇ ದರ ಬರೆಯುತ್ತಾರೆ. ಸಿನಿಮಾ ಕೊಳ್ಳುವವರಿಗೆ ಆ ಸವಲತ್ತಿಲ್ಲ, ಹಣ ಕೊಟ್ಟ ಮೇಲೆಯೇ ಗೊತ್ತಾಗಬೇಕು.

ಈ ತಕರಾರಿಗೆ ಮಾರುವವರ ಕಡೆಯಿಂದ ಬರುವ ಮೊದಲ ಉತ್ತರ ಹಣದ್ದು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ದರ ಇಟ್ಟು ಮಾರುಕಟ್ಟೆಗೆ ಇಳಿದ ಮೇಲೆ ಹಳೆಯ ಚಿತ್ರಕ್ಕೆ ಅದಕ್ಕಿಂತ ಹೆಚ್ಚು ಕೊಡಲು ಯಾರೂ ಒಪ್ಪಲಿಲ್ಲ, ಈಗಂತೂ ಪುಕ್ಕಟೆ. ಇಷ್ಟು ದರದಲ್ಲಿ ನೆಗೆಟಿವ್ ಹುಡುಕಿ ಶುದ್ಧೀಕರಿಸುವ ಖರ್ಚು ಹುಟ್ಟುವುದಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಪ್ರತಿ ಎಲ್ಲಿಂದ ಬಂತು, ಎಷ್ಟು ನಿಮಿಷ ಇದೆ, ಚೌಕಟ್ಟು ಪೂರ್ತಿ ಇದೆಯೇ ಎಂದು ಹಿಂಬದಿಯಲ್ಲಿ ಎರಡು ಸಾಲು ಅಚ್ಚು ಹಾಕಲು ಏನು ಖರ್ಚು? ಅಗ್ಗದ ಸರಕನ್ನು ಅಗ್ಗದ್ದೆಂದು ಹೇಳಿ ಮಾರಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಇನ್ನು ದುಡ್ಡಿದ್ದ ಕಡೆ ಎಲ್ಲ ಸರಿ ಇದೆ ಎಂದೂ ಅಲ್ಲ. ಅಮೆರಿಕದ ‘ಸ್ಟಾರ್ ವಾರ್ಸ್’ ಮೊದಲು ತೆರೆಕಂಡದ್ದು 1977ರಲ್ಲಿ. 1997ರಲ್ಲಿ ನಿರ್ದೇಶಕರು ದೃಶ್ಯಗಳನ್ನೇ ತಿದ್ದಿ ಬಿಡುಗಡೆ ಮಾಡಿದರು, 2004ರ ಡಿವಿಡಿಯಲ್ಲಿ ಮತ್ತೆ ತಿದ್ದಿದರು. ಮೂಲ ಚಿತ್ರ ಬೇಕೆಂದು ಅಭಿಮಾನಿಗಳು ಹಟ ಹಿಡಿದಾಗ 2006ರಲ್ಲಿ ಕೊಟ್ಟದ್ದು 1993ರ ಲೇಸರ್‌ಡಿಸ್ಕ್‌ಗಾಗಿ ಮಾಡಿದ್ದ ಹಳೆಯ ಪ್ರತಿ. ಅಷ್ಟು ಹಣವಿದ್ದವರೂ ಹೀಗೆ ಮಾಡಿದ ಮೇಲೆ ಖರ್ಚಿನ ನೆಪವೊಂದೇ ಸಾಲದು.

ಹಕ್ಕು ಮುಗಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಆ ಪ್ರಕಾರ 1954ರ ‘ಬೇಡರ ಕಣ್ಣಪ್ಪ’ 2015ಕ್ಕೆ, ‘ಭಕ್ತ ಕನಕದಾಸ’ 2021ಕ್ಕೆ ಮುಕ್ತವಾಗಿವೆ. ಚಿತ್ರ ಎಲ್ಲರದ್ದಾದರೂ ನೆಗೆಟಿವ್ ಎಲ್ಲರ ಕೈಗೆ ಸಿಗುವುದಿಲ್ಲ. ಸಿಗುವುದು ಮತ್ತದೇ ಟಿವಿ ಪ್ರತಿ. ಹತ್ತು ಜನ ಅದನ್ನೇ ಹತ್ತು ಹೆಸರಲ್ಲಿ ಹಂಚುತ್ತಾರೆ. ಎಲ್ಲರದ್ದಾದ ಸರಕಿಗೆ ಹಣ ಹಾಕುವ ಉಮೇದು ಯಾರಿಗೂ ಬರುವುದಿಲ್ಲ.

ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಬೇಕು ಎನ್ನುವವರ ವಾದಕ್ಕೆ ಹೆಚ್ಚು ಬಲವಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದಾಗ ಕಪ್ಪು-ಬಿಳುಪು ಎಂದರೆ ಚಾನೆಲ್ ಬದಲಿಸುವ ಹುಡುಗರೂ ಥಿಯೇಟರಿಗೆ ಬಂದರು ಎಂಬುದನ್ನು ತಳ್ಳಿಹಾಕಬೇಕಿಲ್ಲ. ಆದರೂ ‘ಕಸ್ತೂರಿ ನಿವಾಸ’ದ ಜೋಡಿ ನಿರ್ದೇಶಕರಲ್ಲಿ ಒಬ್ಬರಾದ ದೊರೈ ಸ್ವತಃ ಛಾಯಾಗ್ರಾಹಕರು. ಅವರು ಯೋಚಿಸಿದ್ದು ನೆರಳು-ಬೆಳಕಿನಲ್ಲಿ. ಸೀರೆಯ, ಗೋಡೆಯ ಬಣ್ಣ ಈಗಿನವರ ಊಹೆ. ಬಣ್ಣ ಹಚ್ಚುವ ಮೊದಲು ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡಿ ಗೀರು-ಧೂಳು ತೆಗೆಯಲೇಬೇಕು, ಅಂದರೆ ಶುದ್ಧವಾದ ಕಪ್ಪು-ಬಿಳುಪು ಪ್ರತಿಯೊಂದು ಆ ದಾರಿಯಲ್ಲೇ ತಯಾರಾಗಿರುತ್ತದೆ. ಅದನ್ನೂ ಜೊತೆಗೆ ಕೊಟ್ಟರೆ ಎರಡೂ ಕಡೆಯವರ ಆಸೆ ತೀರುತ್ತದೆ.

ಕನ್ನಡಕ್ಕೆ ಇಂಥ ಕೆಲಸ ಆಗದ ಮಾತು ಎನ್ನುವವರಿಗೆ ‘ಘಟಶ್ರಾದ್ಧ’ವನ್ನು ತೋರಿಸಬಹುದು. ಗಿರೀಶ್ ಕಾಸರವಳ್ಳಿಯವರ 1977ರ ಈ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಹೊರದೇಶದ ಸಂಸ್ಥೆಗಳು ಸೇರಿ ಅದನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ನೆಗೆಟಿವ್ ಉಳಿದಿದ್ದರಿಂದ ಇದು ಸಾಧ್ಯವಾಯಿತು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ವಿಷಯದಲ್ಲಿ ಆ ಅವಕಾಶವೇ ಇಲ್ಲ, ಅದರ ಪ್ರತಿ ಉಳಿದಿಲ್ಲ. ಹಾವೇರಿಯವರಿಗೆ ಇನ್ನೂ ಹತ್ತಿರದ ಚಿತ್ರವೆಂದರೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಕವಿಯ ಮೇಲೆ ಟಿ.ಎಸ್. ನಾಗಾಭರಣ 1990ರಲ್ಲಿ ಮಾಡಿದ ‘ಸಂತ ಶಿಶುನಾಳ ಶರೀಫ’. ಸಂಗೀತ ಕೊಟ್ಟ ಸಿ. ಅಶ್ವಥ್ 2009ರಲ್ಲಿ ಹೋದರು, ಗೋವಿಂದ ಭಟ್ಟರಾಗಿದ್ದ ಗಿರೀಶ್ ಕಾರ್ನಾಡರು 2019ರಲ್ಲಿ. ವರ್ಣಚಿತ್ರವಾದ್ದರಿಂದ ಇದರ ಕೆಲಸ ಇನ್ನಷ್ಟು ನಾಜೂಕು: ಫಿಲಂನ ಬಣ್ಣ ವರ್ಷಗಳಲ್ಲಿ ಮಾಸುತ್ತದೆ, ಆಗ ಹೇಗಿತ್ತು ಎಂಬುದನ್ನು ಯಂತ್ರ ಹೇಳಲಾರದು, ಚಿತ್ರ ಮಾಡಿದವರು ಪಕ್ಕದಲ್ಲಿ ಕೂತು ಹೇಳಬೇಕು. ಈ ಚಿತ್ರದ ಮುಂದಿನ ಬಿಡುಗಡೆಗೆ ಹಣ ಹಾಕುವವರು ಪೋಸ್ಟರ್ ಮಾಡಿಸುವುದಕ್ಕಿಂತ ಮೊದಲು ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಲಿ.