ನಿಮಗಿದು ಗೊತ್ತೇ? ಎರೆನೆಲದ ಊರುಗಳಿಗೆ ಕಡಲಿನ ನಂಟು

ರೋಣದಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಗಜೇಂದ್ರಗಡದ ಗುಡ್ಡ ನಿಂತಿರುವುದೇ ನೀರು ತಂದು ಹಾಸಿದ ಮರಳಿನ ಮೇಲೆ ಎಂಬುದು ನಿಮಗೆ ಗೊತ್ತೇ? ಬಾದಾಮಿಯಿಂದ ಇತ್ತ ಚಾಚಿರುವ ಈ ಮರಳುಗಲ್ಲು, ಭೂವಿಜ್ಞಾನಿಗಳು ಕಲಾದಗಿ ಶಿಲಾಸ್ತೋಮ ಎಂದು ಕರೆಯುವ ಪದರಗಳ ಪೈಕಿಯದು. ಪ್ರಾಣಿಗಳಿನ್ನೂ ಹುಟ್ಟಿರದ ಕಾಲದಲ್ಲಿ ನದಿಗಳೂ ಆಳವಿಲ್ಲದ ಕಡಲೂ ಹರವಿದ ಮರಳು ಅದು. ಇಂಥ ಬಂಡೆಗಳಲ್ಲಿ ಕೆಲವೆಡೆ ಸಾಲುಸಾಲಾಗಿ ಸಣ್ಣ ಏಣುಗಳಿರುತ್ತವೆ. ಬೆರಳಾಡಿಸಿ ನೋಡಿ. ಒಂದು ಬದಿ ಇಳಿಜಾರಾಗಿದ್ದು ಇನ್ನೊಂದು ಬದಿ ಕಡಿದಾಗಿದ್ದರೆ ಅಲ್ಲಿ ನೀರು ಒಂದೇ ದಿಕ್ಕಿಗೆ ಹರಿದಿದೆ. ಎರಡೂ ಬದಿ ಸಮನಾಗಿದ್ದರೆ ಅಲೆ ಹೋಗಿ ಬಂದು ಆಡಿದೆ.

ಅದೇ ಶಿಲಾಸ್ತೋಮದ ಇನ್ನೂ ಹಳೆಯ ಪದರಗಳಲ್ಲಿ, ಲೋಕಾಪುರದ ಕಡೆ, ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ.

ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯ ಅಂತರಗಂಗೆ ಬೇಸಿಗೆಯಲ್ಲೂ ಬತ್ತುವುದಿಲ್ಲ. ಸುತ್ತ ಒಣಗುಡ್ಡವಿದ್ದರೂ ನೀರು ಎಲ್ಲಿಂದ? ಮಳೆ ಬಿದ್ದಾಗ ಮರಳುಗಲ್ಲಿನ ಸೀಳುಗಳಲ್ಲಿ ಇಂಗಿದ್ದು ತಿಂಗಳುಗಟ್ಟಲೆ ಜಿನುಗುತ್ತಿರುತ್ತದೆ. ಹತ್ತಿರದ ಸೂಡಿಯಲ್ಲಿ ಇನ್ನೊಂದು ಬಗೆಯ ಜಾಣ್ಮೆ ಕಾಣುತ್ತದೆ. ಹನ್ನೊಂದನೆಯ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡ ನಾಲ್ಕೂ ಕಡೆ ಮೆಟ್ಟಿಲಿಳಿಯುವ ಕೊಳ. ನೀರು ಎಷ್ಟೇ ಕೆಳಗೆ ಹೋದರೂ ಕೊಡ ಹೊತ್ತವರು ಅದರ ಅಂಚಿನವರೆಗೂ ಇಳಿಯಬಹುದು. ಆಗ ಸೂಡಿ ಕಿಸುಕಾಡು ಎಪ್ಪತ್ತರ ರಾಜಧಾನಿ. ಅದನ್ನು ಆಳಿದವಳು ದೊರೆ ಜಯಸಿಂಹನ ಸೋದರಿ ಅಕ್ಕಾದೇವಿ.

1922ರಲ್ಲಿ ರೋಣದಲ್ಲಿ ಹುಟ್ಟಿದ ಗಾಯಕ ಪಂಡಿತ ಭೀಮಸೇನ ಜೋಶಿಯವರು ಹರೆಯದಲ್ಲಿ ಒಳ್ಳೆಯ ಈಜುಗಾರ, ಫುಟ್‌ಬಾಲ್ ಆಟಗಾರ. ಹಾಡುವಾಗ ಉಸಿರು ಹಿಡಿಯುವ ಅವರ ತಾಕತ್ತಿನ ಒಂದು ಪಾಲಾದರೂ ನೀರಿನಿಂದ ಬಂದಿರಬೇಕು ಎಂಬುದು ನನ್ನ ಭಾವನೆ.

ಕಡಲು ಕಾಣದ ಊರಲ್ಲಿ ಹುಟ್ಟಿದವರು ಕಡಲ ವಿಜ್ಞಾನಿ ಆಗಬಲ್ಲರೇ? ವಾಲ್ಟರ್ ಮಂಕ್ ಆದರು. 1917ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲಿ ಇದ್ದ ಗೀಳು ಹಿಮದ ಮೇಲೆ ಜಾರುವ ಸ್ಕೀಯಿಂಗ್. ಮುಂದೆ ಅಮೆರಿಕದಲ್ಲಿ ಗುರು ಸ್ವೆರ್‌ಡ್ರಪ್ ಜೊತೆ ಅಲೆಗಳ ಮುನ್ಸೂಚನೆ ಹೇಳುವ ವಿಧಾನ ಕಂಡುಹಿಡಿದರು. 1944ರಲ್ಲಿ ನಾರ್ಮಂಡಿಯ ದಂಡೆಯಲ್ಲಿ ಸೈನ್ಯ ಇಳಿಸುವಾಗ ಅದೇ ಲೆಕ್ಕ ಕೆಲಸಕ್ಕೆ ಬಂತು. ಇವತ್ತು ಅಲೆಯ ಮೇಲೆ ಹಲಗೆ ಹಿಡಿದು ಆಡುವ ಸರ್ಫರ್‌ಗಳು ಬೆಳಿಗ್ಗೆ ಎದ್ದು ನೋಡುವ ಮುನ್ಸೂಚನೆಗೂ ಅದೇ ಬುನಾದಿ. 101 ವರ್ಷ ಬಾಳಿದ ಅವರಿಗೆ ನೀರಿನ ಮೋಹ ಕೊನೆಯವರೆಗೂ ಇಳಿಯಲಿಲ್ಲ.

ನಮ್ಮ ಭಾಗದ ಮಕ್ಕಳಿಗೆ ದಾರಿ ಇನ್ನೂ ಹತ್ತಿರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ. ಎರೆಹೊಲದಲ್ಲಿ ಬೆಳೆದ ಹುಡುಗ ಹುಡುಗಿಯರು ಅಲ್ಲಿಗೆ ಹೋಗಲಿ ಎಂಬುದು ನನ್ನ ದೊಡ್ಡ ಆಸೆ.

ಇನ್ನು ಖಾನಾಪುರ ತಾಲ್ಲೂಕಿನ ಕಾಡಿಗೆ ಬನ್ನಿ. ಇಲ್ಲಿ ಬೀಳುವ ಮಳೆಗೆ ಎರಡು ಹಣೆಬರಹ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಲಿಗೆ ತಿರುಗಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ನರಗುಂದ, ರೋಣ ತಾಲ್ಲೂಕುಗಳ ಅಂಚಿನಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿ ಬಂಗಾಳ ಕೊಲ್ಲಿ ಸೇರುತ್ತದೆ. ಅದೇ ತಾಲ್ಲೂಕಿನ ಮಹದಾಯಿ ಪಡುವಲಿಗೆ ಇಳಿದು, ಗೋವೆಯಲ್ಲಿ ಮಾಂಡವಿಯಾಗಿ, ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಮಾಂಡವಿ ಮತ್ತು ಜುವಾರಿ ನದಿಗಳ ಮುಖಗಳ ನಡುವಿನ ದೋನಾಪಾವುಲದಲ್ಲಿದೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಅದು 1966ರ ಜನವರಿ 1ರಂದು ಆರಂಭವಾಯಿತು. ಆ ಎರಡು ಅಳಿವೆಗಳಲ್ಲಿ ಉಪ್ಪುನೀರು ಎಷ್ಟು ಒಳಗೆ ನುಗ್ಗುತ್ತದೆ, ಮಳೆಗಾಲದಲ್ಲಿ ಸಿಹಿನೀರು ಅದನ್ನು ಹೇಗೆ ಹೊರಗೆ ತಳ್ಳುತ್ತದೆ ಎಂಬುದನ್ನು ಅಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿದ್ದಾರೆ. ಅಂದರೆ 2015ರ ಜುಲೈಯಿಂದ ನರಗುಂದದ ರೈತರು ಧರಣಿ ಕೂತು ಕೇಳಿದ, ಮಹದಾಯಿಯ ಉಪನದಿಗಳಾದ ಕಳಸಾ ಬಂಡೂರಿಯ ನೀರು, ಕಡಲ ವಿಜ್ಞಾನಿಗಳು ಇನ್ನೊಂದು ತುದಿಯಲ್ಲಿ ನಿಂತು ಅಳೆಯುವ ನೀರು. ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಕೊಟ್ಟ ಪಾಲು 13.42 ಟಿಎಂಸಿ. ಅದರಲ್ಲಿ ಕಳಸಾ, ಬಂಡೂರಿ ಎರಡೂ ಸೇರಿ ಮಲಪ್ರಭೆಗೆ 3.9 ಟಿಎಂಸಿ.

ನೀರಿಗಾಗಿ ನರಗುಂದ ರಕ್ತವನ್ನೇ ಕೊಟ್ಟಿದೆ. ಮಲಪ್ರಭಾ ಅಚ್ಚುಕಟ್ಟಿನ ಕರ ವಿರೋಧಿಸಿ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ನಡೆಯಿತು. ರಾಜ್ಯ ರೈತ ಸಂಘ ಕಟ್ಟಲು ಕಿಡಿ ಹೊತ್ತಿಸಿದ್ದು ಅದೇ ಹೋರಾಟ. ಇಷ್ಟಾದರೂ ನೀರು ಕಡಿಮೆಯಾದಾಗ ಮಾತ್ರ ಕಷ್ಟ ಎಂದುಕೊಳ್ಳಬೇಡಿ. ಬೆಣ್ಣೆಹಳ್ಳ ಉಕ್ಕಿ ಮಲಪ್ರಭೆಯೂ ತುಂಬಿದಾಗ ಕೊಣ್ಣೂರು, ಹೊಳೆಆಲೂರು, ಮೆಣಸಗಿಯ ಕಡೆ ಆಗುವ ಹಾನಿಯನ್ನು 2009, 2019ರಲ್ಲಿ ಕಂಡವರು ಮರೆಯಲಾರರು.

ಹಿಂಗಾರಿ ಬಿತ್ತನೆಯ ಮಳೆಯೂ ಕಡಲಿನದೇ. ಬಂಗಾಳ ಕೊಲ್ಲಿಯ ಮೋಡ ಇತ್ತ ಬಂದು ಎರೆಹೊಲ ಹಸಿಯಾದರೆ ಕಡಲೆ, ಬಿಳಿಜೋಳ ಕುಳಿತುಕೊಳ್ಳುತ್ತವೆ. ಕಡಲು ಮತ್ತು ಮುಂಗಾರಿನ ಇಂಥದೇ ನಂಟನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1973ರಿಂದ ಬಿಡಿಸಿದವರು ಸುಲೋಚನಾ ಗಾಡ್ಗೀಳ್. ಮೋಡಗಳ ಪಟ್ಟಿ ಕಡಲಿನಿಂದ ನೆಲದತ್ತ ಮತ್ತೆ ಮತ್ತೆ ಸರಿಯುವುದನ್ನು 1980ರಲ್ಲಿ ಡಿ. ಆರ್. ಸಿಕ್ಕಾ ಜೊತೆ ತೋರಿಸಿದರು. ಅಷ್ಟಕ್ಕೇ ನಿಲ್ಲದೆ ಪಾವಗಡದ ಶೇಂಗಾ ರೈತರ ಜೊತೆ ಕೂತು, ಯಾವಾಗ ಬಿತ್ತಿದರೆ ಒಳಿತು ಎಂಬ ಲೆಕ್ಕವನ್ನೂ ಹಾಕಿದರು. ವಿಜ್ಞಾನಿ ಎಂದರೆ ಹೀಗಿರಬೇಕು.

ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವುದನ್ನು ನೋಡಿದ್ದೀರಲ್ಲ? ತೂಕ ಹೆಚ್ಚಿಸದೆ ಗಾತ್ರ ಹೆಚ್ಚಿಸಿದರೆ ನೀರು ಮೇಲೆತ್ತುತ್ತದೆ. ಕಡಲಲ್ಲಿ ತೇಲುವ ಆರ್ಗೋ ಉಪಕರಣ ನಡೆಯುವುದೂ ಇದೇ ಸೂತ್ರದ ಮೇಲೆ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತುಂಬಿದರೆ ಏಳುತ್ತದೆ, ಹಿಂದಕ್ಕೆ ಎಳೆದರೆ ಮುಳುಗುತ್ತದೆ. ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳುಹಿಸುತ್ತದೆ. ಭಾರತದ ಪಾಲಿನ ಈ ಕೆಲಸ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯದು. ಆ ಅಂಕಿಅಂಶಗಳಿಗೆ ದುಡ್ಡು ಕೊಡಬೇಕಿಲ್ಲ, ರೋಣದ ಕಾಲೇಜಿನ ಹುಡುಗಿಯೂ ಮೊಬೈಲಿನಲ್ಲೇ ತೆರೆದು ನೋಡಬಹುದು.