ಬೂದಿಗುಡ್ಡದ ಗುಟ್ಟು

ಒಲೆಯ ಬೂದಿಯನ್ನು ನಾವು ದಿನಾ ನೋಡುತ್ತೇವೆ. ಅದರಿಂದ ಪಾತ್ರೆ ತಿಕ್ಕುತ್ತೇವೆ. ಉಳಿದದ್ದನ್ನು ತಿಪ್ಪೆಗೆ ಚೆಲ್ಲುತ್ತೇವೆ. ಒಂದು ಮಳೆ ಬಂದರೆ ಬೂದಿ ಕೊಚ್ಚಿಕೊಂಡು ಹೋಗುತ್ತದೆ.

ಆದರೆ ಗುಡ್ಡದಷ್ಟು ಬೂದಿ ಇದ್ದರೆ? ಅದು ಸಾವಿರಾರು ವರ್ಷಗಳಿಂದ ಅಲ್ಲೇ ಕೂತಿದ್ದರೆ?

ಅಂಥ ಗುಡ್ಡಗಳು ನಮ್ಮ ನಾಡಿನಲ್ಲೇ ಇವೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿ ಇವೆ. ಪಕ್ಕದ ಆಂಧ್ರ ಮತ್ತು ತೆಲಂಗಾಣದಲ್ಲೂ ಇವೆ. ಎಲ್ಲಾ ಸೇರಿಸಿದರೆ ನೂರಕ್ಕೂ ಹೆಚ್ಚು. ಜನ ಇವನ್ನು ಬೂದಿಗುಡ್ಡ, ಬೂದಿದಿಬ್ಬ ಅಂತ ಕರೆಯುತ್ತಾರೆ.

ಇಷ್ಟೊಂದು ಬೂದಿ ಎಲ್ಲಿಂದ ಬಂತು? ಯಾರು ಏನನ್ನು ಸುಟ್ಟರು? ಇದು ಬಹಳ ಕಾಲ ದೊಡ್ಡ ಗುಟ್ಟಾಗಿತ್ತು.

ಹಿರಿಯರು ಹೇಳಿದ ಕತೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಇದೆ. ಅಲ್ಲಿ ಒಂದು ಬೂದಿಗುಡ್ಡ ಇದೆ. ಭೀಮ ಹಿಡಿಂಬಾಸುರನನ್ನು ಕೊಂದ, ಅವನನ್ನು ಸುಟ್ಟ ಬೂದಿ ಇದು ಎಂದು ಜನ ಹೇಳುತ್ತಿದ್ದರು. ಹಂಪಿಯ ಹತ್ತಿರ ನಿಂಬಾಪುರದಲ್ಲೂ ಒಂದು ದಿಬ್ಬ ಇದೆ. ರಾಮನ ಬಾಣಕ್ಕೆ ಸತ್ತ ವಾಲಿಯನ್ನು ಅಲ್ಲಿ ಸುಟ್ಟರಂತೆ.

ಈ ಕತೆಗಳನ್ನು ಕೇಳಿ ನಗಬಾರದು. ನಮ್ಮ ಹಿರಿಯರು ದಿಬ್ಬವನ್ನು ಸರಿಯಾಗಿಯೇ ನೋಡಿದ್ದರು. ಇದು ಮಣ್ಣಲ್ಲ, ಬೂದಿ ಅಂತ ಗುರುತಿಸಿದ್ದರು. ಬಹಳ ಹಳೆಯದು ಅಂತಲೂ ತಿಳಿದಿದ್ದರು. ಯಾರು ಸುಟ್ಟರು ಎಂಬುದು ಗೊತ್ತಿರಲಿಲ್ಲ. ಅದಕ್ಕೆ ಕತೆ ಕಟ್ಟಿದರು.

ಮ್ಯೂಸಿಯಂ ನೋಡಿದೆವು

ನಮ್ಮ ಕಲಿಕಾ ಕೇಂದ್ರದವರು ಒಂದು ದಿನ ಬಳ್ಳಾರಿಗೆ ಹೋದೆವು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಹೆಣ್ಣುಮಕ್ಕಳೇ ಹೆಚ್ಚಿದ್ದರು. ಇಬ್ಬರು ಅಜ್ಜಂದಿರೂ ಬಂದಿದ್ದರು.

ಬಳ್ಳಾರಿ ನಗರದಲ್ಲಿ ಒಂದು ಮ್ಯೂಸಿಯಂ ಇದೆ. ಮ್ಯೂಸಿಯಂ ಎಂದರೆ ಹಳೆಯ ವಸ್ತುಗಳನ್ನು ಜೋಪಾನವಾಗಿ ಇಟ್ಟು ತೋರಿಸುವ ಮನೆ. ಇದಕ್ಕೆ ರಾಬರ್ಟ್ ಬ್ರೂಸ್ ಫೂಟ್ ಎಂಬುವರ ಹೆಸರು ಇಟ್ಟಿದ್ದಾರೆ. ಹೆಸರಿನ ಜೊತೆಗೆ ಸಂಗನಕಲ್ಲು ಎಂಬ ಹಳ್ಳಿಯ ಹೆಸರೂ ಇದೆ. ಬಾಗಿಲ ಬಳಿ ನಮ್ಮವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

ಫೂಟ್ ಭೂವಿಜ್ಞಾನಿ. ಅಂದರೆ ನೆಲ, ಕಲ್ಲು, ಗುಡ್ಡಗಳ ವಿಷಯ ತಿಳಿದವರು. 1863ರಲ್ಲಿ ಅವರಿಗೆ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಆದಿಮಾನವರ ಕಲ್ಲಿನ ಆಯುಧ ಸಿಕ್ಕಿತು. ಆಮೇಲೆ ಬಳ್ಳಾರಿ ಸೀಮೆಯನ್ನು ಸುತ್ತಿದರು. ಕಲ್ಲಿನ ಕೊಡಲಿಗಳನ್ನು ಆರಿಸಿಕೊಂಡರು. ಬೂದಿಗುಡ್ಡಗಳನ್ನೂ ನೋಡಿದರು.

ಮ್ಯೂಸಿಯಂನಲ್ಲಿ ರಾಜರ ಕಿರೀಟ ಇಲ್ಲ. ಚಿನ್ನದ ಸಿಂಹಾಸನ ಇಲ್ಲ. ಇರುವುದು ಕಲ್ಲಿನ ಕೊಡಲಿ, ಅರೆಯುವ ಕಲ್ಲು, ಮಡಕೆಯ ಚೂರು. ನಮ್ಮ ಜೊತೆಗಿದ್ದ ಒಬ್ಬ ಅವ್ವ ಕೇಳಿದರು: “ಅಲ್ರೀ ಮೇಷ್ಟ್ರೇ, ಇಂಥಾ ಅರೆಯೋ ಕಲ್ಲು ನಮ್ಮ ಹಿತ್ತಲದಾಗೂ ಐತಿ. ಇದನ್ನ್ಯಾಕ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಗುಡ್ಡ ಹತ್ತಬೇಕು.

ಗುಡ್ಡದ ಮೇಲಿನ ಊರು

ಮಧ್ಯಾಹ್ನ ನಗರದಿಂದ ಸಂಗನಕಲ್ಲಿಗೆ ಹೋದೆವು. ಅದು ಬಳ್ಳಾರಿಗೆ ಹತ್ತಿರವೇ ಇದೆ. ಊರ ಪಕ್ಕದಲ್ಲಿ ದೊಡ್ಡ ದೊಡ್ಡ ಬಂಡೆಗಳ ಗುಡ್ಡಗಳಿವೆ. ಒಂದರ ಹೆಸರು ಸಣ್ಣರಾಚಮ್ಮನ ಗುಡ್ಡ. ಇನ್ನೊಂದು ಹಿರೇಗುಡ್ಡ. ಹಿರೇಗುಡ್ಡವನ್ನೇ ಕಪ್ಪಗಲ್ಲು ಗುಡ್ಡ ಎಂದೂ ಕರೆಯುತ್ತಾರೆ.

ಈಗ ಗುಡ್ಡದ ಮೇಲೆ ಯಾರೂ ವಾಸ ಇಲ್ಲ. ಆದರೆ ಸುಮಾರು 3,500 ವರ್ಷಗಳ ಹಿಂದೆ ಅಲ್ಲಿ ಊರು ಇತ್ತು. ಜನ ಗುಡಿಸಲು ಕಟ್ಟಿಕೊಂಡಿದ್ದರು. ದನ, ಕುರಿ, ಮೇಕೆ ಸಾಕಿದ್ದರು. ಒಕ್ಕಲುತನ ಮಾಡುತ್ತಿದ್ದರು.

ಅವರು ಏನು ತಿನ್ನುತ್ತಿದ್ದರು ಎಂಬುದೂ ಗೊತ್ತಾಗಿದೆ. ಹೇಗೆ ಗೊತ್ತೇ? ನೆಲ ಅಗೆದವರು ಹಳೆಯ ಮಣ್ಣನ್ನು ನೀರಿಗೆ ಹಾಕಿದರು. ಮಣ್ಣು ಕೆಳಗೆ ಕೂತಿತು. ಸುಟ್ಟು ಇದ್ದಿಲಾದ ಕಾಳು ಮೇಲೆ ತೇಲಿತು. ಅಕ್ಕಿ ತೊಳೆಯುವಾಗ ಜೊಳ್ಳು ತೇಲುವುದಿಲ್ಲವೇ? ಹಾಗೆಯೇ. ತೇಲಿದ್ದರಲ್ಲಿ ಹುರುಳಿ ಇತ್ತು. ಹೆಸರು ಇತ್ತು. ಕೊರಲೆಯಂಥ ಸಣ್ಣ ಸಿರಿಧಾನ್ಯ ಇತ್ತು. ನಾವು ದಿನಾ ರೊಟ್ಟಿ ಬಡಿಯುವ ಜೋಳ ಇಲ್ಲಿಗೆ ಬಂದದ್ದು ಆಮೇಲೆ. ಅದರ ತವರು ಆಫ್ರಿಕಾ. ಆದರೆ ಹುರುಳಿ ಮತ್ತು ಕೊರಲೆ ನಮ್ಮ ನೆಲದ್ದೇ ಬೆಳೆ.

ಹಿರೇಗುಡ್ಡದಲ್ಲಿ ಕೊಡಲಿ ಮಾಡುವ ಕೆಲಸ ನಡೆಯುತ್ತಿತ್ತು. ಅಲ್ಲಿ ಗಟ್ಟಿಯಾದ ಕರಿಕಲ್ಲಿನ ಪಟ್ಟಿ ಇದೆ. ಅದನ್ನು ಒಡೆದು, ಕೆತ್ತಿ, ಬಂಡೆಗೆ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯ ಮೇಲೆ ತಗ್ಗು ಬಿದ್ದಿದೆ. ಒಬ್ಬ ಅವ್ವ ಆ ತಗ್ಗಿನಲ್ಲಿ ಕೈ ಇಟ್ಟು ನೋಡಿದರು. ಸುಮ್ಮನೆ ಸ್ವಲ್ಪ ಹೊತ್ತು ನಿಂತರು. “ಎಷ್ಟು ದುಡಿದಾರವ್ವ” ಅಂದರು.

ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಎತ್ತುಗಳ ಚಿತ್ರ ಇವೆ. ಉದ್ದ ಕೊಂಬು, ದೊಡ್ಡ ಹಿಣಿಲು. ಬಣ್ಣದಲ್ಲಿ ಬರೆದದ್ದಲ್ಲ, ಕಲ್ಲಿನಿಂದ ಕಲ್ಲಿಗೆ ಕುಟ್ಟಿ ಮೂಡಿಸಿದ್ದು. ಅಲ್ಲಿನ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ.

ಆ ಜನರಿಗೆ ಎತ್ತು, ದನ ಎಂದರೆ ಪ್ರಾಣ. ಬೂದಿಯ ಗುಟ್ಟು ಇರುವುದೂ ಇಲ್ಲೇ.

ಗುಟ್ಟು ಬಿಚ್ಚಿದ್ದು ಹೇಗೆ?

ಬೂದಿಗುಡ್ಡದಲ್ಲಿ ಬರೀ ಬೂದಿ ಇಲ್ಲ. ಕರಗಿ ಗಟ್ಟಿಯಾದ ಗಾಜಿನಂಥ ಹೆಂಟೆಗಳೂ ಇವೆ. ಅದನ್ನು ನೋಡಿ ಕೆಲವು ವಿದ್ವಾಂಸರು, ಇಲ್ಲಿ ಕಬ್ಬಿಣ ಕರಗಿಸಿದ್ದಾರೆ, ಇದು ಅದರ ಕಿಟ್ಟ ಎಂದರು.

ಫೂಟ್ ಹೇಳಿದ್ದೇ ಬೇರೆ. ಇದು ಸೆಗಣಿಯ ಬೂದಿ ಎಂದರು. ಇದು ದನದ ದೊಡ್ಡಿ ಇದ್ದ ಜಾಗ ಎಂದರು. ಆದರೂ ವಾದ ಬಹಳ ವರ್ಷ ನಡೆಯಿತು.

1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಉಟ್ನೂರು ಈಗಿನ ತೆಲಂಗಾಣದಲ್ಲಿ ಇದೆ. ಅಲ್ಲಿ ಸುತ್ತಲೂ ಮರದ ಕಂಬ ನೆಟ್ಟ ಗುರುತು ಸಿಕ್ಕಿತು. ಅಂದರೆ ಬೇಲಿ ಇತ್ತು. ಬೂದಿಯ ಪದರದಲ್ಲಿ ದನದ ಗೊರಸಿನ ಗುರುತೂ ಸಿಕ್ಕಿತು! ಇದಕ್ಕಿಂತ ಸಾಕ್ಷಿ ಬೇಕೇ?

ಆಮೇಲೆ ಜಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷೆ ಮಾಡಿದರು. ಅದು ಸೆಗಣಿಯೇ ಎಂದು ತಿಳಿಯಿತು. ಹುಲ್ಲಿನಲ್ಲಿ ಮರಳಿನಂಥ ಒಂದು ಅಂಶ ಇರುತ್ತದೆ. ಹುಲ್ಲು ತಿಂದ ದನದ ಸೆಗಣಿಯಲ್ಲೂ ಅದು ಇರುತ್ತದೆ. ಬೆಂಕಿ ಬಹಳ ಜೋರಾದರೆ ಅದು ಕರಗುತ್ತದೆ. ತಣ್ಣಗಾದ ಮೇಲೆ ಗಾಜಿನಂತೆ ಆಗುತ್ತದೆ. ಕಿಟ್ಟದಂತೆ ಕಂಡದ್ದು ಇದೇ.

ನಮ್ಮ ದೇಶದ ವಿದ್ವಾಂಸರೂ ಈ ಕೆಲಸ ಮುಂದುವರಿಸಿದರು. ಈಗಿನ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನೆಲ ಅಗೆಸಿದರು. ಅಲ್ಲಿ ದನದ ದೊಡ್ಡಿಯ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗವೂ ಸಿಕ್ಕಿತು. ಊರಿನ ಹೆಸರಿನಲ್ಲೇ ಬೂದಿ ಇದೆ, ನೋಡಿದಿರಾ? ಸಂಗನಕಲ್ಲಿನಲ್ಲಿ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿದರು. ಸಣ್ಣರಾಚಮ್ಮನ ಗುಡ್ಡದಲ್ಲೂ ಊರಿಗಿಂತ ಮೊದಲಿನ ಬೂದಿಯ ಪದರ ಇದೆ. ಮೊದಲು ದನದ ದೊಡ್ಡಿ, ಆಮೇಲೆ ಊರು.

ಸೆಗಣಿಯನ್ನು ಯಾಕೆ ಸುಟ್ಟರು?

ದೊಡ್ಡಿಯಲ್ಲಿ ಸೆಗಣಿ ರಾಶಿ ಬೀಳುತ್ತಿತ್ತು. ಆಗಾಗ ಅದಕ್ಕೆ ಬೆಂಕಿ ಇಡುತ್ತಿದ್ದರು. ಮತ್ತೆ ಸೆಗಣಿ, ಮತ್ತೆ ಬೆಂಕಿ. ಹೀಗೆ ಪದರದ ಮೇಲೆ ಪದರ ಬಿದ್ದು ಗುಡ್ಡವಾಯಿತು.

ರೋಗ ಬಾರದಿರಲಿ ಅಂತ ಸುಟ್ಟಿರಬಹುದು ಎಂದು ಕೆಲವರು ಹೇಳುತ್ತಾರೆ. ಹಬ್ಬ ಮಾಡಿ ಸುಟ್ಟಿರಬಹುದು ಎಂದು ಆಲ್ಚಿನ್ ಹೇಳಿದರು. ನಮ್ಮಲ್ಲಿ ಮೈಸೂರು ಕಡೆ ಸಂಕ್ರಾಂತಿಯ ದಿನ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ದನದ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆಂಕಿ ದಾಟಿಸುತ್ತಾರೆ. ಆ ಹಳೆಯ ಬೆಂಕಿಯನ್ನು ಓದುವಾಗ ಈ ಕಿಚ್ಚು ನೆನಪಾಗದೆ ಇರುವುದಿಲ್ಲ.

ಅಜ್ಜನ ಮಾತು

ಗುಡ್ಡದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಆಗ ಒಬ್ಬ ಅಜ್ಜ ಮೆಲ್ಲಗೆ ಹೇಳಿದರು.

“ನಮ್ಮೂರಾಗೂ ಇಂಥಾ ದಿಬ್ಬ ಇತ್ತು. ನಾನು ಹುಡುಗ ಇದ್ದಾಗ ನಮ್ಮಪ್ಪ ಬಂಡಿಗಟ್ಟಲೆ ಆ ಬೂದಿ ಹೇರಿಕೊಂಡು ಬಂದು ಹೊಲಕ್ಕ ಹಾಕಿದ. ನಾನೂ ಸಲಿಕಿ ಹಿಡಿದೀನಿ. ಈಗ ಅಲ್ಲಿ ಏನೂ ಇಲ್ಲ. ಅದು ಇಂಥಾದ್ದು ಅಂತ ನಮಗ ಯಾರೂ ಹೇಳಲಿಲ್ಲ.”

ಯಾರೂ ಮಾತಾಡಲಿಲ್ಲ. ಅಜ್ಜನದು ತಪ್ಪು ಅಂತ ಹೇಳೋದು ಹೇಗೆ? ಬಡ ರೈತ. ಗೊಬ್ಬರ ಬೇಕಿತ್ತು. ಬೂದಿ ಪುಕ್ಕಟೆ ಸಿಕ್ಕಿತು. ತಿಳಿದವರು ತಿಳಿಸಲಿಲ್ಲ. ಹೀಗೆಯೇ ಎಷ್ಟೋ ದಿಬ್ಬಗಳು ಹೊಲ ಸೇರಿವೆ. ಕೆಲವನ್ನು ರಸ್ತೆಗೆ ಅಗೆದರು. ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ಕಲ್ಲು ಒಡೆಯುವ ಕೆಲಸದಿಂದ ಹಳೆಯ ಗುರುತುಗಳು ಹಾಳಾಗಿವೆ. ಒಡೆದ ಬಂಡೆ ಮತ್ತೆ ಕೂಡುವುದಿಲ್ಲ. ಚೆಲ್ಲಿದ ಬೂದಿ ಮತ್ತೆ ಗುಡ್ಡ ಆಗುವುದಿಲ್ಲ.

ಬೂದಿ ಮಾಡಿದ ಆ ಜನರಿಗೆ ಅಕ್ಷರ ಇರಲಿಲ್ಲ. ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಂಗಳಲ್ಲಿ ಅಶೋಕನ ಶಾಸನಗಳಿವೆ. ಅವು ಕೆತ್ತಿದ್ದು ಸುಮಾರು 2,250 ವರ್ಷಗಳ ಹಿಂದೆ. ಬೂದಿಗುಡ್ಡದವರು ಅದಕ್ಕಿಂತಲೂ ಹಿಂದಿನವರು. ರಾಜರು ತಮ್ಮ ಮಾತನ್ನು ಕಲ್ಲಿನಲ್ಲಿ ಬರೆಸಿದರು. ದನ ಕಾಯುವವರು ಬರೆಯಲಿಲ್ಲ. ಕೊಡಲಿ, ಕಾಳು, ಗೊರಸಿನ ಗುರುತು, ಬೂದಿ: ಇಷ್ಟೇ ಅವರ ಪುಸ್ತಕ. ಅದನ್ನು ಹರಿದರೆ ಅವರ ಮಾತು ಅಲ್ಲಿಗೇ ಮುಗಿಯಿತು.

ಅವ್ವ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಅರೆಯುವ ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಯಾಕೆ ಇಟ್ಟರು? ಅದು ನಮ್ಮಂಥ ದುಡಿಯುವವರ ಚರಿತ್ರೆ, ಅದಕ್ಕೆ.

ನಾವು ಏನು ಮಾಡಬಹುದು?

ಊರ ಹತ್ತಿರ ಬೂದಿದಿಬ್ಬ ಇದ್ದರೆ ಅಗೆಯಬೇಡಿ. ಬೇರೆಯವರಿಗೂ ತಿಳಿಸಿ ಹೇಳಿ.

ನೇಗಿಲಿಗೆ ಕಲ್ಲಿನ ಕೊಡಲಿ ಸಿಕ್ಕರೆ ಮಾರಬೇಡಿ. ಎಲ್ಲಿ, ಯಾವಾಗ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಪಂಚಾಯಿತಿಗೆ ಅಥವಾ ಶಾಲೆಗೆ ತಿಳಿಸಿ. ಅವರ ಮೂಲಕ ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ.

ಬಂಡೆಯ ಚಿತ್ರದ ಮೇಲೆ ಹೆಸರು ಗೀಚಬೇಡಿ, ಸುಣ್ಣ ಬಳಿಯಬೇಡಿ.

ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜ ನಮ್ಮ ಹತ್ತಿರ ಪೆನ್ನು ಕೇಳಿದರು. ತಮ್ಮ ನೋಟುಬುಕ್ಕಿನಲ್ಲಿ ನಿಧಾನವಾಗಿ ಎರಡು ಸಾಲು ಬರೆದರು. “ನಮ್ಮ ಊರಲ್ಲಿ ಬೂದಿದಿಬ್ಬ ಇತ್ತು. ಹಳ್ಳದ ದಂಡೆಗೆ ಇತ್ತು.”

ದಿಬ್ಬ ಹೋಯಿತು. ಆದರೆ ಅದು ಇತ್ತು ಎಂಬ ಮಾತು ಉಳಿಯಿತು.

ಉತ್ತರ ಹೇಳಿ, ಬರೆಯಿರಿ

1. ಬೂದಿಗುಡ್ಡದ ಬೂದಿ ಯಾವುದರ ಬೂದಿ?
2. ಉಟ್ನೂರಿನಲ್ಲಿ ಸಿಕ್ಕ ಸಾಕ್ಷಿಗಳು ಯಾವುವು?
3. ಗುಡ್ಡದ ಮೇಲಿನ ಊರಿನವರು ತಿನ್ನುತ್ತಿದ್ದ ಯಾವ ಕಾಳು ನಿಮ್ಮ ಮನೆಯಲ್ಲೂ ಇದೆ?
4. ನಿಮ್ಮ ಊರಿನ ಹಳೆಯ ಗುಡ್ಡ, ಬಂಡೆ ಅಥವಾ ಕಲ್ಲಿನ ಬಗ್ಗೆ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ಎರಡು ಸಾಲು ಬರೆಯಿರಿ.